ಮನೆಯಲ್ಲಿ ಮಾಡಿದ ಶ್ಯಾಕಲ್

ನಮ್ಮ ಭಾವನ ಪ್ರೀಮಿಯರ್ ಪದ್ಮಿನಿ ಹಂಪ್ ದಾಟಿದಾಗಲೆಲ್ಲ ಹಿಂದೆ ಎಡಗಡೆಯಿಂದ ಟಕ್ಕೆಂದು ಸದ್ದು ಬರುತ್ತಿತ್ತು. ಬಿಚ್ಚಿ ನೋಡಿದರೆ, ಕಮಾನು ಪಟ್ಟಿಯ ಹಿಂತುದಿಯನ್ನು ಕಾರಿನ ಒಡಲಿಗೆ ತೂಗುಹಾಕುವ ಶ್ಯಾಕಲ್‌ನ ತೂತು ಸವೆದು ಮೊಟ್ಟೆಯಾಕಾರವಾಗಿತ್ತು. ಕುರ್ಲಾದ ಕಾರ್ಖಾನೆ ಈ ಕಾರು ಮಾಡುವುದನ್ನು ನಿಲ್ಲಿಸಿ ಇಪ್ಪತ್ತು ವರ್ಷ ದಾಟಿದೆ. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟವು. ಎಷ್ಟು ಅಂಗಡಿ ಅಲೆದರೂ ಸ್ಪೇರ್ ಸಿಗದೆ ಭಾವ ತಾನೇ ಮಾಡಲು ಕೂತ.

ಕೆಲಸ ಚೆನ್ನಾಗಿತ್ತು. ಶ್ಯಾಕಲ್‌ನ ಹಳೆಯ ಪ್ಲೇಟಿನ ದಪ್ಪವನ್ನು ಸವೆಯದ ಜಾಗದಲ್ಲಿ ವರ್ನಿಯರ್ ಇಟ್ಟು ಅಳೆದ. ಹೊಸ ಪ್ಲೇಟುಗಳೆರಡನ್ನೂ ಒಂದರ ಮೇಲೊಂದು ಬಿಗಿದು ಒಂದೇ ಸಲಕ್ಕೆ ತೂತು ಕೊರೆದ. ಹಾಗೆ ಮಾಡದಿದ್ದರೆ ತೂತುಗಳ ನಡುವಿನ ಅಂತರ ಕೂದಲೆಳೆಯಷ್ಟು ಬದಲಾಗಿ ಪಟ್ಟಿ ಓರೆಯಾಗಿ ಎಳೆಯುತ್ತದೆ. ತೂತಿನ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದ. ಬಿರುಕು ಹುಟ್ಟುವುದು ಇಂಥ ಚೂಪು ಅಂಚಿನಲ್ಲೇ. ಬೋಲ್ಟ್ ತಲೆಯ ಮೇಲೆ 8.8 ಎಂಬ ಗುರುತಿದೆಯೇ ಎಂದು ನೋಡಿ ಕೊಂಡ. ಸಾಮಾನ್ಯ 4.6 ಬೋಲ್ಟಿಗಿಂತ ಅದರ ಎಳೆತ ತಾಳುವ ಶಕ್ತಿ ಎರಡರಷ್ಟು. ಕೊನೆಯ ಬಿಗಿತವನ್ನು ಮಾತ್ರ ಜಾಕ್ ಇಳಿಸಿ, ಕಾರು ಚಕ್ರದ ಮೇಲೆ ನಿಂತ ಮೇಲೆ ಕೊಟ್ಟ. ಚಕ್ರ ಜೋತಾಡುವಾಗಲೇ ಬಿಗಿದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕಂಪನಿ ಸ್ಪೇರ್ ಹಾಕುವ ಎಷ್ಟೋ ಮೆಕಾನಿಕ್‌ಗಳು ಇಷ್ಟು ಮಾಡುವುದಿಲ್ಲ.

ಎರಡು ತಪ್ಪುಗಳನ್ನು ನಾನು ಅವನಿಗೇ ಹೇಳಿದೆ. ಬಲಗಡೆಯ ಶ್ಯಾಕಲ್ಲೂ ಅಷ್ಟೇ ವರ್ಷ ದುಡಿದದ್ದು, ಅದನ್ನು ಮುಟ್ಟಲೇ ಇಲ್ಲ. ಮತ್ತೆ ಪ್ಲೇಟಿಗೆ ದಪ್ಪನೆ ಕಪ್ಪು ಬಣ್ಣ ಬಳಿದದ್ದು. ಅದರಡಿ ಬಿರುಕು ಬಿಟ್ಟರೂ ಕಣ್ಣಿಗೆ ಬೀಳುವುದಿಲ್ಲ.

ಇದೇ ಊರಿನ ಇನ್ನೊಂದು ಮನೆಯಲ್ಲಿ ಪೈಪು ಕತ್ತರಿಸಿ ವೆಲ್ಡ್ ಮಾಡಿದ, ಮುಂದಿನ ಚಕ್ರ ಹಿಡಿಯುವ ಕೆಳ ಆರ್ಮ್ ನೋಡಿದೆ. ವೆಲ್ಡಿಂಗ್ ಹೂವಿನ ದಂಡೆ ಪೋಣಿಸಿದಂತಿತ್ತು, ಬಂದವರೆಲ್ಲ ಹೊಗಳುತ್ತಿದ್ದರು. ನಾನು ಆ ಕಾರಿನಲ್ಲಿ ಕೂರಲಾರೆ. ಮನೆಯಲ್ಲಿ ಮಾಡಿದ ಭಾಗವನ್ನು ಅದರ ಅಂದದಿಂದಲ್ಲ, ಅದು ಮುರಿದಾಗ ಏನಾಗುತ್ತದೆ ಎಂಬುದರಿಂದ ಅಳೆಯಬೇಕು. ಶ್ಯಾಕಲ್ ಮುರಿದರೆ ಹಿಂಭಾಗ ಒಂದು ಕಡೆ ಕುಸಿಯುತ್ತದೆ, ಆದರೆ ಪಟ್ಟಿಯ ಮುಂದಿನ ಕಣ್ಣು ಆಕ್ಸಲ್ ಅನ್ನು ಹಿಡಿದಿರುತ್ತದೆ. ಕೆಳ ಆರ್ಮ್ ಮುರಿದರೆ ಚಕ್ರವೇ ಮಡಚಿಕೊಳ್ಳುತ್ತದೆ, ಸ್ಟೀರಿಂಗ್ ಕೈಯಲ್ಲಿದ್ದೂ ಇಲ್ಲದಂತೆ. ಬೆಸುಗೆಯ ಪಕ್ಕದ, ಶಾಖ ತಿಂದ ಲೋಹ ಮೊದಲ ದಿನ ಕೈಕೊಡುವುದಿಲ್ಲ. ಗುಂಡಿ, ಬ್ರೇಕು, ಮತ್ತೆ ಗುಂಡಿ ಎಂದು ಸಾವಿರಾರು ಸಲ ಬಾಗಿದ ಮೇಲೆ ಕೊಡುತ್ತದೆ.

ಕಾಯಿಲ್ ಸ್ಪ್ರಿಂಗನ್ನೂ ನೋಟದಿಂದ ಅಳೆಯಲಾಗದು. ಮಿಕ್ಕೆಲ್ಲ ಅಳತೆ ಹಾಗೇ ಇದ್ದು 12 ಮಿ.ಮೀ. ತಂತಿಯ ಬದಲು 13 ಮಿ.ಮೀ. ಹಾಕಿಸಿದರೆ ಬಿರುಸು ಶೇ. 38ರಷ್ಟು ಏರುತ್ತದೆ. ಕಣ್ಣಂದಾಜು ಅಲ್ಲಿ ನಡೆಯುವುದಿಲ್ಲ.

ಮೂರು ತಿಂಗಳ ಮೇಲೆ ಭಾವ ಶ್ಯಾಕಲ್ ಬಿಚ್ಚಿ ಬಣ್ಣ ಕೆರೆದ. ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ತೀಡಿದ. ಬಿರುಕಿದ್ದರೆ ಒಳಗಿಳಿದ ಎಣ್ಣೆ ಬಿಳಿಯ ಮೇಲೆ ಗೆರೆಯಾಗಿ ಮೂಡಬೇಕು. ತೂತಿನ ಸುತ್ತ ಇಬ್ಬರೂ ಬಗ್ಗಿ ನೋಡಿದೆವು. ಗೆರೆ ಮೂಡಲಿಲ್ಲ. ಭಾವ ಅದೇ ಸುಣ್ಣದ ಕಡ್ಡಿಯಿಂದ ಹೊಸ ತಗಡಿನ ಮೇಲೆ ಬಲಗಡೆಯ ಶ್ಯಾಕಲ್ಲಿಗೆ ಗುರುತು ಹಾಕತೊಡಗಿದ.