ಒಂದು ಚುಕ್ಕಿಯ ಬೆಲೆ

ಒಂದು ಗ್ರಂಥಾಲಯವಿದೆ ಎಂದುಕೊಳ್ಳಿ. ಪುಸ್ತಕಗಳದ್ದೊಂದು ಟೇಬಲ್ಲು, ಲೇಖಕರದ್ದೊಂದು. ಪುಸ್ತಕಗಳ ಪಟ್ಟಿಯನ್ನು ವೆಬ್ ಪುಟದಲ್ಲಿ ತೋರಿಸಬೇಕು. ಪೈಥಾನಿನ ಜಾಂಗೋ ಫ್ರೇಮ್‌ವರ್ಕ್ ಬಲ್ಲವರಿಗೆ ಇದು ಚಹಾ ಆರುವುದರೊಳಗೆ ಮುಗಿಯುವ ಕೆಲಸ. ಟೇಬಲ್ಲಿನ ವಿವರವನ್ನು ಮಾಡೆಲ್ ಆಗಿ ಬರೆದಿದ್ದರೆ, ಲಿಸ್ಟ್‌ವ್ಯೂ ಎಂಬ ಸಿದ್ಧ ಕ್ಲಾಸಿಗೆ ಅದರ ಹೆಸರು ಹೇಳಿದರಾಯಿತು. ಟೆಂಪ್ಲೇಟಿನಲ್ಲಿ ಒಂದು ಲೂಪ್, ಅದರೊಳಗೆ ‘ಬುಕ್.ಟೈಟಲ್’, ‘ಬುಕ್.ಆಥರ್.ನೇಮ್’. ಪುಟ ಸಿದ್ಧ. ಎಸ್‌ಕ್ಯೂಎಲ್ ಒಂದು ಸಾಲೂ ಬರೆದಿಲ್ಲ.

ಈ ಸಲೀಸು ಜಾಂಗೋಗೆ ತವರಿನಿಂದ ಬಂದದ್ದು. ಅಮೆರಿಕದ ಕಾನ್ಸಾಸ್ ರಾಜ್ಯದ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ದಿನಪತ್ರಿಕೆಯ ವೆಬ್ ವಿಭಾಗದಲ್ಲಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಇದನ್ನು ಕಟ್ಟತೊಡಗಿದರು. 2005ರಲ್ಲಿ ಅದು ಎಲ್ಲರ ಕೈಗೆ ಬಂತು. ಬೆಳಿಗ್ಗೆ ಹೊಳೆದದ್ದು ಸಂಜೆಯೊಳಗೆ ಪುಟವಾಗಬೇಕಾದ ಸುದ್ದಿಮನೆಯ ಅವಸರ ಅದರ ಮೈಗುಣವಾಗಿ ಉಳಿದಿದೆ. ಹಾಗಾಗಿ ನಾವು ಕೇಳದೆಯೇ ಎಷ್ಟೋ ಕೆಲಸವನ್ನು ಅದು ಮಾಡಿಕೊಡುತ್ತದೆ. ಜಾಂಗೋದ ಗುಣವನ್ನೂ ದೋಷವನ್ನೂ ಅಳೆಯಬೇಕಾದ್ದು ಈ ಕೇಳದೆ ಮಾಡುವ ಕೆಲಸಗಳಲ್ಲೇ.

ಮೊದಲು ಗುಣ. ಯಾರೋ ಕಿಡಿಗೇಡಿ ಪುಸ್ತಕದ ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ಟ್ಯಾಗ್ ತುಂಬಿದನೆನ್ನಿ. ಹಳೆಯ ಪಿಎಚ್‌ಪಿ ಪುಟದಲ್ಲಿ ಅದನ್ನು ಹಾಗೆಯೇ ಎಕೋ ಮಾಡಿದ್ದರೆ, ಓದುಗರ ಬ್ರೌಸರಿನಲ್ಲಿ ಅದು ಓಡಿಯೇಬಿಡುತ್ತಿತ್ತು. ಜಾಂಗೋ ಕೋನಾವರಣಗಳನ್ನು ನಿರುಪದ್ರವಿ ಗುರುತುಗಳಾಗಿ ಬದಲಿಸಿ, ಬರೀ ಅಕ್ಷರವಾಗಿ ತೋರಿಸುತ್ತದೆ. 2008ರ 1.0 ಆವೃತ್ತಿಯಲ್ಲೂ ಹೀಗೇ ಇತ್ತು. ಮರೆತವರನ್ನು ಕಾಯುವ ಈ ಉಪಕಾರಕ್ಕೆ ಎರಡು ಮಾತಿಲ್ಲ.

ಇನ್ನು ದೋಷ. ಅದು ‘ಬುಕ್.ಆಥರ್.ನೇಮ್’ ಎಂಬಲ್ಲಿನ ಚುಕ್ಕಿಯಲ್ಲಿದೆ. ಲಿಸ್ಟ್‌ವ್ಯೂ ತರುವುದು ಪುಸ್ತಕಗಳನ್ನು ಮಾತ್ರ. ಲೇಖಕರ ವಿವರ ಇನ್ನೂ ಡೇಟಾಬೇಸಿನಲ್ಲೇ ಇದೆ. ಲೂಪ್ ಒಂದೊಂದು ಪುಸ್ತಕಕ್ಕೂ ಆ ಚುಕ್ಕಿಯನ್ನು ದಾಟುವಾಗ ಜಾಂಗೋ ಸದ್ದಿಲ್ಲದೆ ಹೋಗಿ ಲೇಖಕರೊಬ್ಬರನ್ನು ಕರೆತರುತ್ತದೆ. ನೂರು ಪುಸ್ತಕವಿದ್ದರೆ ಪಟ್ಟಿಗೆ ಒಂದು ಕ್ವೆರಿ, ಲೇಖಕರಿಗೆ ನೂರು. ಕಿರಾಣಿ ಅಂಗಡಿಗೆ ಚೀಟಿ ಬರೆದುಕೊಂಡು ಹೋಗುವ ಬದಲು ಉಪ್ಪಿಗೊಮ್ಮೆ, ಬೆಲ್ಲಕ್ಕೊಮ್ಮೆ ಓಡಿದ ಹಾಗೆ. ಪರೀಕ್ಷೆಗೆಂದು ಹತ್ತು ಪುಸ್ತಕ ತುಂಬಿದ ಲ್ಯಾಪ್‌ಟಾಪಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಡೀಬಗ್ ಟೂಲ್‌ಬಾರ್ ಹಾಕಿಕೊಂಡು 101 ಎಂಬ ಸಂಖ್ಯೆ ಕಂಡಾಗಲೇ ಎದೆ ಧಸಕ್ ಎನ್ನುವುದು.

ಮದ್ದಿಲ್ಲವೇ? ಇದೆ. ಕ್ವೆರಿಗೆ ‘ಸೆಲೆಕ್ಟ್ ರಿಲೇಟೆಡ್’ ಎಂದು ಸೇರಿಸಿದರೆ ಎರಡು ಟೇಬಲ್ಲುಗಳನ್ನು ಜಾಯಿನ್ ಮಾಡಿ ಒಂದೇ ಸಲಕ್ಕೆ ತರುತ್ತದೆ. ಕೈಪಿಡಿಯಲ್ಲೂ ಇದರ ವಿವರ ಚೆನ್ನಾಗಿಯೇ ಇದೆ. ಆದರೆ ನನ್ನ ತಕರಾರು ಮದ್ದಿನ ಬಗ್ಗೆ ಅಲ್ಲ. ಟೆಂಪ್ಲೇಟಿನೊಳಗೆ ಪೈಥಾನ್ ಬರೆಯಲು ಜಾಂಗೋ ಬಿಡುವುದಿಲ್ಲ. ಪುಟದ ಅಂದ ನೋಡುವವರು ತರ್ಕಕ್ಕೆ ಕೈಹಾಕಬಾರದು ಎಂಬುದು ಅದರ ಮಡಿ. ಆ ಮಡಿಮನೆಯ ಹಿತ್ತಿಲ ಬಾಗಿಲು ಮಾತ್ರ ಸದಾ ತೆರೆದೇ ಇರುತ್ತದೆ: ವಿನ್ಯಾಸಕಾರರು ಒಂದು ಚುಕ್ಕಿ ಇಟ್ಟರೆ ಡೇಟಾಬೇಸಿಗೆ ನೂರು ಓಟ. ರೂಬಿಯ ರೈಲ್ಸ್ 6.1ನೇ ಆವೃತ್ತಿಯಲ್ಲಿ, ಬೇಕೆಂದವರಿಗೆ, ಇಂಥ ಕಳ್ಳ ಓಟವನ್ನು ತಡೆದು ತಪ್ಪೆಂದು ಕೂಗುವ ‘ಸ್ಟ್ರಿಕ್ಟ್ ಲೋಡಿಂಗ್’ ಕೊಟ್ಟಿತು. ಎಲಿಕ್ಸಿರ್ ಭಾಷೆಯ ಎಕ್ಟೋ ಅಂತೂ ಮೊದಲೇ ಕೇಳದಿದ್ದನ್ನು ತಾನಾಗಿ ತರುವುದೇ ಇಲ್ಲ.

ಜಾಂಗೋಗೆ ಇದು ತಿಳಿಯದ್ದೇನಲ್ಲ. ಅದರದೇ ಅಡ್ಮಿನ್ ಪುಟವನ್ನು ನೋಡಿ: ಅಂಕಣಗಳಲ್ಲಿ ಬೇರೆ ಟೇಬಲ್ಲಿಗೆ ಕೊಂಡಿಯಿರುವ ಫಾರಿನ್ ಕೀ ಕಂಡರೆ, ಜಾಯಿನ್ ಮಾಡಿಯೇ ತರುತ್ತದೆ, ಪುಟಕ್ಕೆ ನೂರೇ ಸಾಲು ಎಂಬ ಮಿತಿಯನ್ನೂ ಹಾಕಿಕೊಂಡಿದೆ. ಅದೇ ಲಿಸ್ಟ್‌ವ್ಯೂಗೆ ಪುಟ ಎಷ್ಟು ಉದ್ದ ಎಂದು ನಾವು ಹೇಳದಿದ್ದರೆ ಇಡೀ ಟೇಬಲ್ಲನ್ನೇ ತಂದು ಸುರಿಯುತ್ತದೆ. ತನ್ನ ಮನೆಯಲ್ಲಿ ತೋರುವ ಜಾಣತನವನ್ನು ನಮಗೆ ಕಟ್ಟಿಕೊಡುವ ಮನೆಯಲ್ಲಿ ತೋರುವುದಿಲ್ಲ.

ಕನ್ನಡದ ದಾಖಲೆಗಳಿದ್ದರೆ ಇನ್ನೊಂದು ಕೇಳದ ಉಪಕಾರ ಕಾದಿರುತ್ತದೆ. ಪಟ್ಟಿಯ ಪ್ರತಿ ಹೆಸರಿಗೂ ಒಂದು ಪುಟ ಬೇಕು, ಅದಕ್ಕೊಂದು ವಿಳಾಸ ಬೇಕು. ಹೆಸರಿನಿಂದ ವಿಳಾಸ ಮಾಡುವ ‘ಸ್ಲಗಿಫೈ’ಗೆ ‘ಬಳ್ಳಾರಿ’ ಎಂದು ಕೊಟ್ಟರೆ ಸಿಗುವುದು ಖಾಲಿ. ಯೂನಿಕೋಡ್ ಇರಲಿ ಎಂದು ಬಾಯಿಬಿಟ್ಟು ಕೇಳಿದರೆ ಸಿಗುವುದು ‘ಬಳಳರ’. ಪೈಥಾನಿನ ರೆಗ್ಯುಲರ್ ಎಕ್ಸ್‌ಪ್ರೆಶನ್ ಲೆಕ್ಕದಲ್ಲಿ ಒತ್ತು, ದೀರ್ಘ, ಗುಡಿಸುಗಳು ಅಕ್ಷರಗಳೇ ಅಲ್ಲ, ಕಸವೆಂದು ಗುಡಿಸಿಹಾಕುತ್ತದೆ. ಇಲ್ಲೂ ತಪ್ಪಿನ ಸೂಚನೆ ಬರುವುದಿಲ್ಲ. ಕ್ವೆರಿಯಲ್ಲಿ ಕಂಡ ಮೌನವೇ ಇಲ್ಲಿಯದೂ.

ಇಷ್ಟಾಗಿಯೂ ನಾಳೆ ಯಾರಾದರೂ ಪಟ್ಟಿ ಪುಟ ಮಾಡಿಕೊಡಿ ಎಂದರೆ ನಾನು ಜಾಂಗೋವನ್ನೇ ಹಿಡಿಯುತ್ತೇನೆ. ಅಡ್ಮಿನ್ ಪುಟವೊಂದೇ ಸಾಕು ಆ ಆಯ್ಕೆಗೆ. ಆದರೆ ಪುಟ ಮುಗಿಯಿತು ಎನ್ನುವ ಮುನ್ನ ಎರಡು ಕೆಲಸ ಮಾಡುತ್ತೇನೆ: ಸಾವಿರ ಪುಸ್ತಕ ತುಂಬಿ ಕ್ವೆರಿಗಳನ್ನು ಎಣಿಸುತ್ತೇನೆ, ಮತ್ತು ಆ ಪುಸ್ತಕಗಳಲ್ಲಿ ಒಂದಕ್ಕೆ ‘ಬಳ್ಳಾರಿ’ ಎಂದು ಹೆಸರಿಡುತ್ತೇನೆ.