ಹ್ಯೂಯೆನ್‌ತ್ಸಾಂಗನ ಬೀಳ್ಕೊಡುಗೆ

ಇಮ್ಮಡಿ ಪುಲಿಕೇಶಿಯ ರಾಜ್ಯವನ್ನೂ ಅಲ್ಲಿಯ ಜನರ ಮಾನಧನವನ್ನೂ ಬಣ್ಣಿಸಿದವನೆಂದು ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಕನ್ನಡಿಗರಿಗೆ ಚಿರಪರಿಚಿತನು. ಆತನು ಈ ದೇಶದಲ್ಲಿ ಏನನ್ನು ಕಂಡನೆಂಬುದನ್ನು ಚರಿತ್ರಕಾರರು ಬೇಕಾದಷ್ಟು ಚರ್ಚಿಸಿದ್ದಾರೆ. ವರ್ಷಗಟ್ಟಲೆ ಅನ್ನವಿಕ್ಕಿ ವಿದ್ಯೆಗಲಿಸಿದವರನ್ನು ಆತನು ಹೇಗೆ ಬೀಳ್ಕೊಂಡನೆಂಬುದು ಸಹೃದಯರು ವಿಚಾರಿಸತಕ್ಕ ವಿಷಯ.

646ರಲ್ಲಿ ಮುಗಿದ ಆತನ ಪಶ್ಚಿಮದೇಶಗಳ ವೃತ್ತಾಂತವು ಈ ವಿಷಯದಲ್ಲಿ ಮೌನವಾಗಿದೆ. ಅದು ಚಕ್ರವರ್ತಿಗೆ ಒಪ್ಪಿಸಿದ ಗ್ರಂಥ. ದಾರಿಯ ದೂರ, ವಿಹಾರಗಳ ಸಂಖ್ಯೆ, ಬೆಳೆ, ನಡೆನುಡಿಗಳಿಗೆ ಅಲ್ಲಿ ಎಡೆಯುಂಟು, ಅಗಲಿಕೆಯ ದುಃಖಕ್ಕೆ ಇಲ್ಲ. ಆ ಕೊರತೆಯನ್ನು ತುಂಬುವುದು ಶಿಷ್ಯ ಹುಯಿಲಿಯು ಆರಂಭಿಸಿ, ಯೆನ್‌ತ್ಸುಂಗನು 688ರಲ್ಲಿ ಪೂರ್ಣಗೊಳಿಸಿದ ಜೀವನಚರಿತೆ.

ಅದರಲ್ಲಿ ಹೆಚ್ಚು ವರ್ಣಮಯವಾದುದು ಹರ್ಷನ ಬೀಳ್ಕೊಡುಗೆ. ಹರ್ಷನೂ ಕಾಮರೂಪದ ಅರಸನೂ ನೀಡಿದ ಕಾಣಿಕೆಗಳನ್ನು ಯಾತ್ರಿಕನು ಒಲ್ಲೆನೆಂದು, ಮಳೆಗೆ ಹೊದೆಯುವ ಒಂದು ಹೊದಿಕೆಯನ್ನು ಮಾತ್ರ ಸ್ವೀಕರಿಸುತ್ತಾನೆ. ಹರ್ಷನು ದಾರಿಯ ವೆಚ್ಚಕ್ಕೆಂದು ಆನೆಯನ್ನೂ 3,000 ಚಿನ್ನದ ಮತ್ತು 10,000 ಬೆಳ್ಳಿಯ ನಾಣ್ಯಗಳನ್ನೂ ಬೇರೆಯಾಗಿ ಕಳುಹಿಸುತ್ತಾನೆ. ಇದೆಲ್ಲ ರಾಜವೈಭವ. ಆದರೆ ಬೀಳ್ಕೊಟ್ಟು ಮೂರು ದಿನಗಳಾದ ಮೇಲೆ ಅರಸರು ಕುದುರೆಯೇರಿ ಬೆನ್ನಟ್ಟಿ ಬಂದು, ಮತ್ತೊಮ್ಮೆ ಜೊತೆಯಲ್ಲಿ ನಡೆದು ಹಿಂದಿರುಗುತ್ತಾರೆ. ಬಂಧುಗಳನ್ನು ನೀರಿನ ದಡದವರೆಗೆ ಕಳುಹಿಸಿ ಬರುವ ಈ ನಾಡಿನ ಸಂಪ್ರದಾಯವನ್ನು ಬಲ್ಲವರಿಗೆ ಈ ಒಂದು ಸಂಗತಿಯೇ ಉಡುಗೊರೆಗಳೆಲ್ಲಕ್ಕಿಂತ ಮಿಗಿಲಾಗಿ ತೋರುವುದು.

ಇದಕ್ಕಿಂತ ಗಂಭೀರವಾದುದು ನಾಲಂದೆಯ ಪ್ರಸಂಗ. ಬುದ್ಧನು ಹುಟ್ಟಿದ ನೆಲವನ್ನು ಬಿಟ್ಟು ಮ್ಲೇಚ್ಛದೇಶಕ್ಕೇಕೆ ಹೋಗಬೇಕೆಂದು ಭಿಕ್ಷುಗಳು ತಡೆಯುತ್ತಾರೆ. ಅತಿಥಿಯು ತನ್ನ ದೇಶದ ಶಾಸ್ತ್ರ ಸದಾಚಾರಗಳನ್ನು ಎತ್ತಿ ಹೇಳಿ ವಾದಿಸುತ್ತಾನೆ. ಈ ಭಾಷಣವು ತುಸು ದೀರ್ಘವಾಯಿತು. ಚೀನದ ಓದುಗರನ್ನು ಮೆಚ್ಚಿಸುವ ಲೇಖಕನ ದನಿ ಇಲ್ಲಿ ಕೇಳಿಬರುತ್ತದೆ. ಆದರೆ ವೃದ್ಧಗುರು ಶೀಲಭದ್ರನ ಮುಂದೆ ವಾದವಿಲ್ಲ. ಕಲಿತುದನ್ನು ಸ್ವದೇಶದಲ್ಲಿ ಭಾಷಾಂತರಿಸಿ ಹಂಚುವುದೇ ಗುರುಋಣವನ್ನು ತೀರಿಸುವ ಬಗೆಯೆಂದು ಶಿಷ್ಯನೆನ್ನಲು, ಗುರುವು ಹರ್ಷಿಸಿ, ಇವನನ್ನು ತಡೆಯಬೇಡಿರೆಂದು ಉಳಿದವರಿಗೆ ಹೇಳುತ್ತಾನೆ. ಇರಿಸಿಕೊಳ್ಳುವುದು ಸ್ನೇಹ, ಕಳುಹಿಸಿಕೊಡುವುದು ಅದಕ್ಕೂ ಹಿರಿದಾದ ಸ್ನೇಹ.

ಚರಿತೆಯ ಉತ್ತಮಾಂಶ ಇದಕ್ಕೂ ಮುಂದಿದೆ. ಬೀಲ್ ಪಂಡಿತರ ಆಂಗ್ಲ ಅನುವಾದವು ಮೊದಲ ಐದು ಭಾಗಗಳನ್ನು ಪೂರ್ಣವಾಗಿ ಕೊಟ್ಟು ಉಳಿದುದನ್ನು ಸಂಗ್ರಹಿಸಿರುವುದರಿಂದ, ಅದನ್ನೇ ನೆಚ್ಚಿದವರಿಗೆ ಇದು ದೊರೆಯದು. ಯಾತ್ರಿಕನು 645ರಲ್ಲಿ ತಾಯ್ನಾಡನ್ನು ಸೇರಿದನು. 652ರಲ್ಲಿ ಮಹಾಬೋಧಿ ವಿಹಾರದಿಂದ ಜ್ಞಾನಪ್ರಭ, ಪ್ರಜ್ಞಾದೇವರೆಂಬ ಭಿಕ್ಷುಗಳ ಓಲೆಯೂ ಎರಡು ಬಿಳಿಯ ಹತ್ತಿಬಟ್ಟೆಗಳೂ ಅವನಿಗೆ ಬಂದವು. ಪ್ರಜ್ಞಾದೇವನು ಕನ್ಯಾಕುಬ್ಜದ ವಾದದಲ್ಲಿ ಆತನ ಪ್ರತಿಕಕ್ಷಿ. 654ರ ಉತ್ತರದಲ್ಲಿ ಹ್ಯೂಯೆನ್‌ತ್ಸಾಂಗನು, ಅಂದಿನ ಬಿರುನುಡಿಗಳು ಸಭೆ ಮುಗಿದೊಡನೆ ಕರಗಿದುವೆಂದು ತಿಳಿಸಿ, ಹೀನಯಾನವನ್ನು ಬಿಡೆಂದು ಮತ್ತೆ ಬೋಧಿಸುತ್ತಾನೆ! ಹಟವೂ ಮೈತ್ರಿಯೂ ಒಂದೇ ಓಲೆಯಲ್ಲಿರುವುದರಿಂದಲೇ ಅದು ಸಜೀವವಾಗಿದೆ. ಜ್ಞಾನಪ್ರಭನಿಗೆ ಬರೆದ ಓಲೆಯಲ್ಲಿ ಶೀಲಭದ್ರನ ಮರಣವಾರ್ತೆಯನ್ನು ಕೇಳಿದ ದುಃಖವಿದೆ. ನಾಲಂದೆಯಲ್ಲಿ ಹೇಳಿಬಂದ ವಿದಾಯವು ಕಡೆಯ ವಿದಾಯವಾಗಿತ್ತೆಂಬುದು ಅವನಿಗೆ ಆಗ ನಿಶ್ಚಯವಾಯಿತು.

ಅದೇ ಓಲೆಯ ತುದಿಯಲ್ಲಿ ಒಂದು ಬೇಡಿಕೆಯೂ ಇದೆ. ಸಿಂಧೂನದಿಯನ್ನು ದಾಟುವಾಗ ಒಂದು ಹೇರು ಗ್ರಂಥಗಳು ನೀರುಪಾಲಾದುವು. ಅವುಗಳ ಪಟ್ಟಿ ಇಲ್ಲಿದೆ, ಬರುವವರಿದ್ದರೆ ಕಳುಹಿಸಬೇಕು ಎಂಬುದು ಅದರ ತಾತ್ಪರ್ಯ. ಅರಸರ ಚಿನ್ನವನ್ನು ಒಲ್ಲೆನೆಂದವನು ಭಿಕ್ಷುಗಳಿಂದ ಪುಸ್ತಕಗಳನ್ನು ಸಂಕೋಚವಿಲ್ಲದೆ ಬೇಡುತ್ತಾನೆ. ಬೀಳ್ಕೊಂಡು ಹತ್ತು ವರ್ಷಗಳು ಕಳೆದ ಮೇಲೂ ಆ ಮನೆಯಲ್ಲಿ ಕೇಳಿ ಪಡೆಯುವ ಸಲುಗೆ ಆತನಿಗೆ ಉಳಿದಿತ್ತು.