ಮಾತಿಲ್ಲದ ಅತಿಥಿ

ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಮಾಸ್ತರಿಕೆ ಮಾಡಿ, ಈಗ ಬೆಳಗಾವಿಯಲ್ಲಿ ಮಗನ ಮನೆಯಲ್ಲಿರುವ ಮುದುಕನೊಬ್ಬನು ಕುರಿಗಳ ಚಿತ್ರಪಟವನ್ನು ಕುರಿತು ವಿಮರ್ಶೆ ಬರೆಯಹೊರಟರೆ ವಾಚಕರು ನಗಬಹುದು. ನಗಲಿ, ಈ ಲೇಖನದ ವಿಷಯವೂ ನಗೆಯೇ ಆಗಿರುವದು. ನಮ್ಮ ಪಡಸಾಲೆಯಲ್ಲಿ ಮೊಮ್ಮಕ್ಕಳೂ ನೆರೆಮನೆಯ ಮರಾಠಿ ಮಕ್ಕಳೂ ಕೂಡಿ ಅದನ್ನು ನೋಡುತ್ತಿದ್ದಾಗ ನಾನು ಹಿಂದೆ ಕುಳಿತು ನೋಡಿದೆನು. ಮರುದಿನ ಒಬ್ಬನೇ ಕುಳಿತು ಇನ್ನೊಮ್ಮೆ ನೋಡಿದೆನು. ಎರಡನೆಯ ಸಲ ನಗೆ ಕಡಿಮೆಯಾಯಿತು, ವಿಚಾರ ಹೆಚ್ಚಾಯಿತು.

ಇಂಗ್ಲಂಡದ ಬ್ರಿಸ್ಟಲ್ ಪಟ್ಟಣದ ಆರ್ಡ್‌ಮನ್ ಎಂಬ ಸಂಸ್ಥೆಯವರು 2019ರಲ್ಲಿ ಹೊರತಂದ ಈ ಚಿತ್ರದ ಹೆಸರು ‘ಎ ಶಾನ್ ದ ಶೀಪ್ ಮೂವಿ: ಫಾರ್ಮಗೆಡ್ಡನ್’. ನಿರ್ದೇಶಕರು ವಿಲ್ ಬೆಚರ್ ಮತ್ತು ರಿಚರ್ಡ್ ಫೆಲನ್. ಇಲ್ಲಿಯ ನಟರೆಲ್ಲರೂ ಗೊಂಬೆಗಳು. ಗೊಂಬೆಯನ್ನು ತುಸು ಕದಲಿಸುವದು, ಒಂದು ಚಿತ್ರ ತೆಗೆಯುವದು, ಮತ್ತೆ ಕದಲಿಸುವದು. ಹೀಗೆ ತೆಗೆದ ಸಹಸ್ರಾವಧಿ ಚಿತ್ರಗಳನ್ನು ವೇಗದಿಂದ ಓಡಿಸಿದಾಗ ಗೊಂಬೆಗೆ ಪ್ರಾಣ ಬಂದಂತೆ ತೋರುವದು. ಕಥೆ ಸಣ್ಣದು. ತೊ-ಪ ಎಂಬ ದೂರದ ಗ್ರಹದ ಲೂ-ಲಾ ಎಂಬ ಎಳೆಯ ಜೀವವು ತಂದೆತಾಯಿಗಳ ಆಕಾಶಯಾನವನ್ನು ಆಟದಲ್ಲಿ ಹಾರಿಸಿಕೊಂಡು ಬಂದು, ಇಂಗ್ಲಂಡದ ಒಂದು ಒಕ್ಕಲುಮನೆಯ ಬಳಿ ಇಳಿದು ದಿಕ್ಕುಗಾಣದಾಗುವದು. ಶಾನ್ ಎಂಬ ತುಂಟ ಕುರಿಯು ಅದಕ್ಕೆ ಆಶ್ರಯ ಕೊಟ್ಟು ಮರಳಿ ಮನೆಗೆ ಮುಟ್ಟಿಸಲು ಹೆಣಗುವದು. ಅನ್ಯಗ್ರಹದವರನ್ನು ಹುಡುಕುವ ಸರಕಾರಿ ಇಲಾಖೆಯೊಂದು ಅವರ ಬೆನ್ನು ಹತ್ತುವದು.

ಇಷ್ಟು ದೊಡ್ಡ ಕಥೆಯಲ್ಲಿ ಅರ್ಥವಾಗುವ ಸಂಭಾಷಣೆ ಒಂದೂ ಇಲ್ಲ. ಕುರಿ ಬ್ಯಾ ಎನ್ನುವದು, ಒಕ್ಕಲಿಗನು ಗೊಣಗುವನು, ಅತಿಥಿ ತನ್ನದೇ ದನಿಯಲ್ಲಿ ಉಲಿಯುವದು. ಭರತಮುನಿಯು ಹೇಳಿದ ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂಬ ನಾಲ್ಕು ಅಭಿನಯಗಳಲ್ಲಿ ವಾಚಿಕವನ್ನು ಇವರು ಬೇಕೆಂದೇ ತೊರೆದಿರುವರು. ಆದರೂ ರಸಕ್ಕೆ ಕೊರತೆಯಿಲ್ಲ. ಹುಬ್ಬಿನ ಒಂದು ಏರಿಳಿತದಿಂದ ಭಯವನ್ನೂ, ಕಿವಿಯ ಒಂದು ಬಾಗುವಿಕೆಯಿಂದ ದುಃಖವನ್ನೂ ತೋರಿಸುವ ಈ ಗೊಂಬೆಗಳನ್ನು ನೋಡಿದರೆ ಸಾತ್ತ್ವಿಕವು ಜೀವವಿದ್ದವರ ಸೊತ್ತೇ ಎಂಬ ನನ್ನ ಹಳೆಯ ನಂಬಿಕೆ ಕೆಲಮಟ್ಟಿಗೆ ಅಲುಗಿತು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಮೊದಲ್ಗೊಂಡು ಭಾಷೆಯ ತಕರಾರು ಇನ್ನೂ ತೀರದಿರುವ ಈ ಊರಿನಲ್ಲಿ ಎರಡು ಭಾಷೆಯ ಮಕ್ಕಳು ಒಂದೇ ಕ್ಷಣಕ್ಕೆ ನಕ್ಕದ್ದನ್ನು ನಾನು ಕಣ್ಣಾರೆ ಕಂಡೆನು.

ಪರಲೋಕದಿಂದ ಬಂದವನನ್ನು ನಗೆಗೆ ವಿಷಯ ಮಾಡುವದು ನಮಗೆ ಹೊಸದಲ್ಲ. ಸಂಸ್ಕೃತದ ‘ಭಗವದಜ್ಜುಕ’ವೆಂಬ ಪ್ರಹಸನದಲ್ಲಿ ಯಮದೂತನು ಹೆಸರು ತಪ್ಪಿ ಬೇರೊಬ್ಬ ವಸಂತಸೇನೆಯ ಪ್ರಾಣವನ್ನು ಒಯ್ಯುವನು, ಅದರಿಂದ ಸಂನ್ಯಾಸಿಯ ಜೀವ ಗಣಿಕೆಯ ದೇಹದಲ್ಲಿಯೂ ಗಣಿಕೆಯ ಜೀವ ಸಂನ್ಯಾಸಿಯ ದೇಹದಲ್ಲಿಯೂ ಸೇರಿ ಗೊಂದಲವಾಗುವದು. ಅಲ್ಲಿ ತಪ್ಪಿದವನು ಬಂದವನು. ಈ ಚಿತ್ರದಲ್ಲಿ ತಪ್ಪುವವರು ಇಲ್ಲಿಯವರು. ತನ್ನ ಹಿತ್ತಿಲಲ್ಲಿಯೇ ನಿಜವಾದ ಅತಿಥಿ ಇರುವಾಗ, ಆ ಒಕ್ಕಲಿಗನು ಹೊಸ ಕೊಯ್ಲುಯಂತ್ರದ ಆಸೆಯಿಂದ ಸುಳ್ಳು ಅನ್ಯಲೋಕದ ಜಾತ್ರೆಯೊಂದನ್ನು ಕಟ್ಟಿ ತಿಕೀಟು ಮಾರುವನು. ಬರುವ ತಿಥಿ ಗೊತ್ತಿಲ್ಲದವನೇ ಅತಿಥಿ ಎಂದು ನಾವು ಮಕ್ಕಳಿಗೆ ಹೇಳಿಕೊಟ್ಟಿರುವೆವು. ತಿಥಿ ಸಾರಿ ಹಣ ತೆಗೆದುಕೊಳ್ಳುವಲ್ಲಿ ಅತಿಥಿ ಕಾಣದೆ ಹೋಗುವದೇ ಈ ಹಾಸ್ಯದ ತಿರುಳು.

ಆದರೆ ನನ್ನನ್ನು ಎರಡನೆಯ ಸಲ ನೋಡಲು ಹಚ್ಚಿದ ಪಾತ್ರ ಬೇರೆ. ಇಲಾಖೆಯ ಮುಖ್ಯಾಧಿಕಾರಿಣಿಯು ಬಾಲ್ಯದಲ್ಲಿ ಅನ್ಯಗ್ರಹದವರನ್ನು ನಿಜವಾಗಿಯೇ ಕಂಡಿದ್ದಳು. ಶಾಲೆಯಲ್ಲಿ ಅದನ್ನು ಹೇಳಿದಾಗ ಎಲ್ಲರೂ ನಕ್ಕರು. ಆ ನಗೆಯೇ ಅವಳನ್ನು ಬೇಟೆಗಾರ್ತಿಯನ್ನಾಗಿ ಮಾಡಿತು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಖಾನಾಪುರದ ಕಾಡಂಚಿನ ಊರೊಂದರಲ್ಲಿ ನಾನು ಕಲಿಸುತ್ತಿದ್ದಾಗ ಎಮ್ಮೆ ಕಾಯುವ ಗವಳಿಗರ ಹುಡುಗನೊಬ್ಬನು ಸಾಲೆಗೆ ಬರುತ್ತಿದ್ದನು. ಅವನ ಆಡುಮಾತು ನಮಗಾರಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಮಳೆಗಾಲದ ಒಂದು ದಿನ ಅವನು, ರಾತ್ರಿ ಕಾಡಿನಲ್ಲಿ ಕಟ್ಟಿಗೆ ಬೆಳಗುತ್ತದೆಂದು ಕೈಸನ್ನೆಯಿಂದ ಹೇಳಿದನು. ವರ್ಗವೆಲ್ಲ ನಕ್ಕಿತು. ನಾನೂ ನಕ್ಕೆನು. ಅವನು ಮತ್ತೆ ಏನನ್ನೂ ಹೇಳಲಿಲ್ಲ. ಬಹುಕಾಲದ ಮೇಲೆ ಓದಿ ತಿಳಿದೆನು: ಸಹ್ಯಾದ್ರಿಯ ತೊಯ್ದ ಕಾಡುಗಳಲ್ಲಿ ಕೊಳೆತ ಮರದ ಮೇಲೆ ಬೆಳೆಯುವ ಒಂದು ಜಾತಿಯ ಅಣಬೆಯಲ್ಲಿರುವ ದ್ರವ್ಯವು ಆಮ್ಲಜನಕದೊಡನೆ ಕೂಡಿ, ಕಾವಿಲ್ಲದ ಹಸುರು ಬೆಳಕನ್ನು ಬೀರುವದು. ಕುಮಾರಸಂಭವದ ಮೊದಲ ಸರ್ಗದಲ್ಲಿ ಹಿಮವಂತನ ಗುಹೆಗಳೊಳಗೆ ಓಷಧಿಗಳು ಎಣ್ಣೆಯಿಲ್ಲದ ದೀಪಗಳಾಗುವವೆಂದು ಕಾಳಿದಾಸನು ಹೇಳಿದ್ದನ್ನು ನಾನು ತಲೆದೂಗಿ ಓದಿದವನು. ಮಹಾಕವಿಯಲ್ಲಿ ಒಪ್ಪಿದ್ದನ್ನು ಬಡ ಹುಡುಗನ ಬಾಯಲ್ಲಿ ಒಪ್ಪಲಿಲ್ಲ.

ಉತ್ತಮರು ಮುಗುಳ್ನಗುವರು, ಅಧಮರು ಅಟ್ಟಹಾಸ ಮಾಡುವರು ಎಂದು ಭರತನು ನಗೆಯನ್ನು ಆರು ಬಗೆಯಾಗಿ ವಿಂಗಡಿಸಿದನು. ನಗೆಯ ಸದ್ದನ್ನಷ್ಟೇ ಅಳೆದರೆ ಸಾಲದು, ಅದು ಯಾರ ಬಾಯಿ ಮುಚ್ಚಿಸಿತು ಎಂಬದನ್ನೂ ನೋಡಬೇಕೆಂದು ಈ ಚಿತ್ರ ನನಗೆ ಕಲಿಸಿತು.

ದೋಷಗಳೂ ಇವೆ. ಅತಿಥಿಯ ತೇಗನ್ನು ಮತ್ತೆ ಮತ್ತೆ ಕೇಳಿಸಿ ನಗಿಸುವದು ಅಗ್ಗದ ಉಪಾಯ. 1968ರ ‘2001: ಎ ಸ್ಪೇಸ್ ಒಡಿಸ್ಸಿ’, 1982ರ ‘ಇ.ಟಿ.’ ಮುಂತಾದ ಹಿಂದಿನ ಚಿತ್ರಗಳನ್ನು ಅಣಕಿಸುವ ಎಡೆಗಳು, ಪುರಾಣ ತಿಳಿಯದವನ ಮುಂದಿನ ಶ್ಲೇಷೆಯಂತೆ ನಮ್ಮ ಮಕ್ಕಳಿಗೆ ವ್ಯರ್ಥ. ಎಲ್ಲಕ್ಕಿಂತ ದೊಡ್ಡ ಕೊರತೆ ಕೊನೆಯಲ್ಲಿದೆ. ಲೂ-ಲಾಳ ತಂದೆತಾಯಿಗಳು ಇಳಿದು ಬಂದಾಗ, ತಾನು ಬಾಲ್ಯದಲ್ಲಿ ಕಂಡವರು ಇವರೇ ಎಂದು ಆ ಅಧಿಕಾರಿಣಿಗೆ ಅರಿವಾಗುವದು. ಆಯುಷ್ಯವೆಲ್ಲ ಕಟ್ಟಿದ ಕಹಿ ಕರಗುವ ಈ ಸಂದರ್ಭವನ್ನು ಕವಿಯಾದವನು ನಿಧಾನವಾಗಿ ಬೆಳೆಸುತ್ತಿದ್ದನು. ಇವರು ಅವಸರದಿಂದ ಮುಗಿಸಿಬಿಟ್ಟರು. ಕರುಣಕ್ಕೆ ಇನ್ನೆರಡು ನಿಮಿಷ ಕೊಟ್ಟಿದ್ದರೆ ಹಾಸ್ಯಕ್ಕೆ ಏನೂ ನಷ್ಟವಾಗುತ್ತಿರಲಿಲ್ಲ.

ಆದರೂ ಗೃಹಸ್ಥರು ಇದನ್ನು ಮಕ್ಕಳೊಡನೆ ಕುಳಿತು ನೋಡಲಿ. ಮಾಸ್ತರರು ಅವಶ್ಯವಾಗಿ ನೋಡಲಿ. ಅವಳಿಗೆ ಕಂಡವರು ತಿರುಗಿ ಬಂದರು. ಕಟ್ಟಿಗೆ ಬೆಳಗಿದ್ದನ್ನು ಕಂಡ ನನ್ನ ಹುಡುಗನು ಈಗ ಎಲ್ಲಿರುವನೋ ನಾನರಿಯೆನು. ಸಿಕ್ಕರೆ, ನೀನು ಹೇಳಿದ್ದು ನಿಜವಪ್ಪಾ ಎಂದು ಒಂದು ಮಾತು ಹೇಳಬೇಕಾಗಿದೆ.